ಗ್ಯಾಸ್ಟ್ರಿಕ್ ಎಂದು ಸುಮ್ಮನಾಗುವ ಮುನ್ನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಓದಿದ ಸಾಫ್ಟ್‌ವೇರ್ ಇಂಜಿನಿಯರ್, ವೈದ್ಯನಲ್ಲ. ಆದರೂ ಹೊಟ್ಟೆಯ ಸೋಂಕಿನ ಪರೀಕ್ಷೆ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಅದಕ್ಕೆ ಕಾರಣ ನಮ್ಮ ಚಿಕ್ಕಪ್ಪ.

ಹೊಸದುರ್ಗದ ಹತ್ತಿರ ತೋಟ ನೋಡಿಕೊಂಡಿರುವ ಅವರು ಹುಳಿತೇಗು, ಎದೆಯುರಿ ಎಂದು ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರು. ಒಮ್ಮೆ ಸೋಂಕಿನ ಪರೀಕ್ಷೆಯೂ ಆಯಿತು. 'ಇಲ್ಲ' ಎಂದು ರಿಪೋರ್ಟ್ ಬಂತು. ಕೆಲವು ತಿಂಗಳಲ್ಲಿ ಮಲ ಡಾಂಬರಿನಂತೆ ಕಪ್ಪಾಗಿ, ತಲೆ ಸುತ್ತಿ ಬಿದ್ದರು. ಹೊಟ್ಟೆಯ ಹುಣ್ಣಿನಿಂದ ರಕ್ತ ಸೋರುತ್ತಿತ್ತು.

ಹುಣ್ಣಿಗೆ ಖಾರ, ಚಿಂತೆಯೇ ಕಾರಣವೆಂದು ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಹೊಟ್ಟೆಯೊಳಗೆ ಬದುಕುವ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಅದೇ ಹೆಲಿಕೋಬ್ಯಾಕ್ಟರ್ ಪೈಲೋರಿ. ಜನ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಕಾಯಿಲೆ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ನೋವಿನ ಮಾತ್ರೆ ಹೆಚ್ಚಾಗಿ ನುಂಗಿದರೂ ಹುಣ್ಣಾಗುತ್ತದೆ ಎಂಬುದನ್ನೂ ನೆನಪಿಡಿ.

ಇದನ್ನು ಹಿಡಿಯುವ ಉಪಾಯ ರೈತರಿಗೆ ಬೇಗ ಅರ್ಥವಾಗುತ್ತದೆ. ಹೊಲಕ್ಕೆ ಹಾಕುವ ಯೂರಿಯಾ ಗೊತ್ತಲ್ಲ? ಈ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ಅದರ ಆಸರೆಯಲ್ಲಿ ಹೊಟ್ಟೆಯ ಆಮ್ಲದಿಂದ ಬಚಾವಾಗುತ್ತದೆ. ಹಾಗಾಗಿ ಗುರುತು ಹಾಕಿದ ಚೂರು ಯೂರಿಯಾ ಕುಡಿಸಿ, ಆ ಗುರುತು ಉಸಿರಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಬಂದರೆ ಸೋಂಕಿದೆ ಎಂದು ತಿಳಿಯುತ್ತಾರೆ. ಮಲದ ಪರೀಕ್ಷೆಯೂ ಇದೆ. ಎಂಡೋಸ್ಕೋಪಿಯಲ್ಲಿ ಚೂರು ತೆಗೆದೂ ನೋಡುತ್ತಾರೆ. ರಕ್ತದ ಪರೀಕ್ಷೆ ಮಾತ್ರ ಹಳೆಯ ಸೋಂಕೋ ಈಗಿನದೋ ಹೇಳಲಾರದು.

ಚಿಕ್ಕಪ್ಪನ ಮೊದಲ ಪರೀಕ್ಷೆ ಏಕೆ ಸುಳ್ಳಾಯಿತು? ಆಮ್ಲ ತಗ್ಗಿಸುವ ಮಾತ್ರೆಯಿಂದ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಅಡಗುತ್ತದೆ. ಅದಕ್ಕೇ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳನ್ನು ಪರೀಕ್ಷೆಗೆ 2 ವಾರ ಮೊದಲು, ಆ್ಯಂಟಿಬಯೋಟಿಕ್‌ಗಳನ್ನು 4 ವಾರ ಮೊದಲು ನಿಲ್ಲಿಸಿರಬೇಕು. ವೈದ್ಯರು ಹಾಗೆ ನಿಲ್ಲಿಸಿ ಉಸಿರಿನ ಪರೀಕ್ಷೆ ಮಾಡಿಸಿದಾಗ ಸೋಂಕು ಸಿಕ್ಕಿತು. 14 ದಿನ ಔಷಧಿ ಕೊಟ್ಟರು. ಮುಗಿದು 4 ವಾರ ಕಳೆದ ಮೇಲೆ ಮತ್ತೆ ಪರೀಕ್ಷಿಸಿ, ಹೋಗಿದೆ ಎಂದು ಖಚಿತ ಮಾಡಿಕೊಂಡರು. ಈಗ ಚಿಕ್ಕಪ್ಪ ಮುದ್ದೆ ಉಂಡು ಆರಾಮಾಗಿದ್ದಾರೆ.

ನಮ್ಮ ಸಾಫ್ಟ್‌ವೇರ್‌ನಲ್ಲೂ ಟೆಸ್ಟ್ ಪಾಸಾಯಿತು ಅಂದರೆ ಸಾಲದು, ಯಾವ ಸ್ಥಿತಿಯಲ್ಲಿ ಪಾಸಾಯಿತು ಎಂದು ಕೇಳುತ್ತೇವೆ. ನೀವೂ ಪರೀಕ್ಷೆಗೆ ಹೋದಾಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ. ನಿಲ್ಲಿಸುವುದಿದ್ದರೆ ಅವರನ್ನು ಕೇಳಿಯೇ ನಿಲ್ಲಿಸಿ. ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ ಮನೆಯಲ್ಲಿ ಕೂರಬೇಡಿ. ಇಷ್ಟನ್ನು ನಿಮ್ಮ ಮನೆಯ ಹಿರಿಯರಿಗೆ ತಲುಪಿಸಿದರೆ ಸಾಕು.