ಗೊರಕೆ ನಿಂತಾಗ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರ ಭಾಷಣ)



ಶಾಲೆಯ ನೆನಪುಗಳನ್ನು ಬೇರೆಯವರು ಹೇಳಿದ್ದಾರೆ. ನಾನು ಗೊರಕೆಯ ಬಗ್ಗೆ ಮಾತಾಡುತ್ತೇನೆ. ನಕ್ಕರೂ ಪರವಾಗಿಲ್ಲ, ನಮ್ಮ ಮನೆಯಲ್ಲೂ ನಗುತ್ತಿದ್ದರು. ಹಂಪಿ ಜಾತ್ರೆಗೆ ಹೋದರೆ ನನ್ನ ಪಕ್ಕ ಯಾರೂ ಮಲಗುತ್ತಿರಲಿಲ್ಲ.

ಸಂಡೂರಿನ ಅದಿರು ಲಾರಿ ಓಡಿಸುವುದು ನನ್ನ ಕೆಲಸ. ಒಂದು ಬೆಳಗಿನ ಜಾವ ತೋರಣಗಲ್ಲು ದಾಟಿ ಹೊಸಪೇಟೆ ಕಡೆ ಬರುವಾಗ ಕಣ್ಣು ಮುಚ್ಚಿದ್ದೇ ಗೊತ್ತಾಗಲಿಲ್ಲ. ಲಾರಿ ರಸ್ತೆ ಬಿಟ್ಟು ಜಾಲಿಗಿಡಕ್ಕೆ ನುಗ್ಗಿ ನಿಂತಿತು. ಎದುರಿಗೆ ಯಾರೂ ಇರಲಿಲ್ಲ, ಅದು ನನ್ನ ಪುಣ್ಯ. ಕುಡಿದಿದ್ದೆ ಎಂದು ಮಾಲೀಕರು ತಿಳಿದರು. ಕುಡಿದಿರಲಿಲ್ಲ. 8 ಗಂಟೆ ಮಲಗಿ ಎದ್ದು ಬಂದಿದ್ದೆ.

ಕಾರಣ ಹೇಳಿದವಳು ನನ್ನ ಹೆಂಡತಿ. "ನೀವು ಗೊರಕೆ ಹೊಡೆದ್ರೆ ನನಗೇನೂ ಅಂಜಿಕೆ ಇಲ್ಲ. ಅದು ನಿಂತಾಗ ಅಂಜಿಕೆ. ಉಸಿರೇ ಇರಲ್ಲ. ಇಪ್ಪತ್ತು, ಮೂವತ್ತು ಅಂತ ಎಣಿಸ್ತಾ ಕೂತಿರ್ತೀನಿ" ಎಂದಳು. ಎಷ್ಟು ವರ್ಷ ಹಾಗೆ ಎಣಿಸಿದಳೋ.

ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡಾದರೂ ಉಸಿರು ನಿಂತರೆ ಒಂದು ಸಲ ಎಂದು ಲೆಕ್ಕ. ಗಂಟೆಗೆ 30 ದಾಟಿದರೆ ತೀವ್ರ. ಪರೀಕ್ಷೆಯಲ್ಲಿ ನನ್ನದು 42 ಬಂತು. ಪ್ರತಿ ಸಲವೂ ಮಿದುಳು ಅರೆ ಎಚ್ಚರವಾಗುತ್ತದೆ, ಆದ್ದರಿಂದ ಮಲಗಿದರೂ ನಿದ್ದೆಯಾಗಿರುವುದಿಲ್ಲ. ರಕ್ತದೊತ್ತಡ ಏರುತ್ತದೆ, ಹೃದಯಕ್ಕೂ ಪೆಟ್ಟು. 2022ರಲ್ಲಿ ತೀರಿಕೊಂಡ ಸಂಗೀತ ನಿರ್ದೇಶಕ ಬಪ್ಪಿ ಲಹರಿ ಅವರಿಗೂ ಈ ಕಾಯಿಲೆಯಿತ್ತು.

1981ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಮೂಗಿನಿಂದ ಒತ್ತಡದ ಗಾಳಿ ಬಿಟ್ಟು ಗಂಟಲು ಮುಚ್ಚದಂತೆ ಹಿಡಿಯುವ ಚಿಕಿತ್ಸೆಯನ್ನು ಪ್ರಕಟಿಸಿದರು. ಅದೇ ಸಿ-ಪ್ಯಾಪ್. ಅದರಲ್ಲಿ ರಾತ್ರಿಯೆಲ್ಲ ಒಂದೇ ಒತ್ತಡ. ನನಗೆ ಕೊಟ್ಟಿದ್ದು ಆಟೊ ಯಂತ್ರ. ನಮ್ಮ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳನ್ನು ನೋಡಿದ್ದೀರಲ್ಲ, ಒಳಹರಿವು ನೋಡಿ ಎತ್ತುತ್ತಾರೆ, ಇಳಿಸುತ್ತಾರೆ. ಇದೂ ಹಾಗೇ. ಒಂದೊಂದು ಉಸಿರಿನ ಹರಿವನ್ನೂ ಅಳೆಯುತ್ತದೆ. ದಾರಿ ಕಿರಿದಾದರೆ, ಗೊರಕೆಯ ಅದುರು ಕಂಡರೆ ಒತ್ತಡ ಏರಿಸುತ್ತದೆ. ಉಸಿರು ಸರಾಗವಾದರೆ ನಿಧಾನ ಇಳಿಸುತ್ತದೆ. ಅಂಗಾತ ಮಲಗಿದಾಗ, ಕನಸು ಬೀಳುವ ನಿದ್ದೆಯಲ್ಲಿ ಹೆಚ್ಚು ಬೇಕಾಗುತ್ತದೆ. ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನಷ್ಟು ಒತ್ತಡ. ಅದರೊಳಗೆ ಮಿತಿ ಹಾಕಿಕೊಡುವವರು ಡಾಕ್ಟರು.

ಹಾಗೆಂದು ಆಟೊ ಎಂದರೆ ಎಲ್ಲಾ ತಾನೇ ನೋಡಿಕೊಳ್ಳುತ್ತದೆ ಎಂದಲ್ಲ. ಹೃದಯ ದುರ್ಬಲವಾಗಿರುವವರಿಗೆ, ಮಿದುಳಿನಿಂದಲೇ ಉಸಿರಿನ ಆದೇಶ ತಪ್ಪುವವರಿಗೆ ಇದು ಹೊಂದದಿರಬಹುದು. ಬೇರೆಯವರ ಯಂತ್ರ ತಂದು ಹಾಕಿಕೊಳ್ಳಬೇಡಿ. ಬೆಲೆಯೂ ಹತ್ತಾರು ಸಾವಿರ. ನಾನು ಸಾಲ ಮಾಡಿದೆ. ಕರೆಂಟು ಹೋದರೆ ನಿಲ್ಲುತ್ತದೆ. ಸಂಡೂರಿನ ಕೆಂಪು ಧೂಳಿಗೆ ಫಿಲ್ಟರ್ ಬೇಗ ಕೆಡುತ್ತದೆ. ಮೊದಲ ವಾರ ಮಾಸ್ಕ್ ಕಿತ್ತೆಸೆಯುತ್ತಿದ್ದೆ, ಹೆಂಡತಿ ಮತ್ತೆ ಹಾಕುತ್ತಿದ್ದಳು. ಕಂಪ್ಲಿಯ ಬೀಗರ ಮನೆಯಲ್ಲಿ ಮಾಸ್ಕಿನ ಕೊಳವೆ ನೋಡಿದ ಮಕ್ಕಳು ನನಗೆ ಆನೆ ತಾತ ಎಂದು ಹೆಸರಿಟ್ಟಿದ್ದಾರೆ.

ಡಾಕ್ಟರು ಸರಿ ಎಂದ ಮೇಲೆಯೇ ಮತ್ತೆ ಸ್ಟೇರಿಂಗ್ ಹಿಡಿದೆ. ಇಲ್ಲಿ ಕೂತ ಡ್ರೈವರ್ ತಮ್ಮಂದಿರು ಕೆಲಸ ಹೋದೀತೆಂದು ತೂಕಡಿಕೆ ಮುಚ್ಚಿಡುತ್ತಾರೆ, ನಾನೂ ಮುಚ್ಚಿಟ್ಟಿದ್ದೆ. ಯಂತ್ರ ತಂದಿದ್ದೇನೆ. ಊಟವಾದ ಮೇಲೆ ಹತ್ತನೇ ತರಗತಿ ಕೋಣೆಗೆ ಬನ್ನಿ, ತೋರಿಸುತ್ತೇನೆ. ಮನೆಯವರನ್ನೂ ಕರೆತನ್ನಿ, ರಾತ್ರಿ ಎಣಿಸಿದ್ದು ಅವರಿಗೇ ಗೊತ್ತು.