ತಾಯಿಯ ಜೀವ ಮೊದಲು



ಹೆರಿಗೆಯ ಸಂದರ್ಭದಲ್ಲಿ ತಾಯಿ, ಮಗು ಇಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸಿಕೊಳ್ಳಬಹುದು ಎಂಬ ಸ್ಥಿತಿ ಬಂದರೆ ಏನು ಮಾಡಬೇಕು? ಯಹೂದಿ ಧರ್ಮಶಾಸ್ತ್ರ ಇದಕ್ಕೆ ಸುಮಾರು 1,800 ವರ್ಷಗಳ ಹಿಂದೆಯೇ ಉತ್ತರ ಕೊಟ್ಟಿದೆ. ಮಿಶ್ನಾ ಎಂಬ ಅವರ ಗ್ರಂಥದ ಪ್ರಕಾರ ತಾಯಿಯ ಜೀವವೇ ಮೊದಲು. ಶಿಶುವಿನ ಬಹುಭಾಗ ಹೊರಬಂದ ಮೇಲೆ ಮಾತ್ರ ಎರಡೂ ಜೀವಗಳು ಸಮಾನ. ಹಾಗೆಂದು ಗರ್ಭವನ್ನು ಅವರು ಹಗುರವಾಗಿ ಕಂಡವರಲ್ಲ. ಕಾರಣವಿಲ್ಲದ ಗರ್ಭಪಾತವನ್ನು ಸಂಪ್ರದಾಯಸ್ಥ ರಬ್ಬಿಗಳು ಒಪ್ಪುವುದಿಲ್ಲ. ಇನ್ನು ಸಂತಾನ ಬೆಳೆಸಬೇಕೆಂಬ ವಿಧಿ ಪುರುಷನಿಗೆ ಸೇರಿದ್ದೆಂಬುದು ತಾಲ್ಮುಡ್‌ನ ಪ್ರಮುಖ ಮತ. ಹೀಗಾಗಿ ಹೆಣ್ಣು ಅನುಸರಿಸುವ ಗರ್ಭನಿರೋಧಕ ಕ್ರಮಗಳಿಗೆ ಅಲ್ಲಿ ಹೆಚ್ಚು ಅವಕಾಶವಿದೆ.

ದೂರದ ಈ ಮಾತು ನಮಗೇಕೆ ಎನ್ನಬಹುದು. ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ ಅವರನ್ನು ನೆನೆಯೋಣ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ, 17 ವಾರಗಳ ಗರ್ಭ ಉಳಿಯದೆಂದು ತಿಳಿದ ಮೇಲೆ ಅವರು ಗರ್ಭಪಾತ ಮಾಡಿಸಿರೆಂದು ಕೇಳಿಕೊಂಡರು. ಭ್ರೂಣದ ಹೃದಯ ಬಡಿಯುತ್ತಿದ್ದುದರಿಂದ ಒಪ್ಪಿಗೆ ಸಿಗಲಿಲ್ಲ. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಆಗ ವಯಸ್ಸು 31. ಅಲ್ಲಿನ ಸಂವಿಧಾನವು 1983ರಿಂದ ತಾಯಿಗೂ ಭ್ರೂಣಕ್ಕೂ ಸಮಾನ ಜೀವದ ಹಕ್ಕು ನೀಡಿತ್ತು. 2018ರಲ್ಲಿ ಜನಮತದ ಮೂಲಕ ಅದನ್ನು ತೆಗೆದುಹಾಕಲಾಯಿತು. ಒಂದು ಮತದ ನಂಬಿಕೆ ಎಲ್ಲರ ಕಾನೂನಾದರೆ ಬೇರೆ ನಂಬಿಕೆಯವರ ಗತಿಯೇನು ಎಂಬುದನ್ನು ಈ ಸಾವು ತೋರಿಸಿತು.

ನಮ್ಮ ನಾಡು ಈ ವಿಷಯದಲ್ಲಿ ಹಿಂದುಳಿದಿರಲಿಲ್ಲ. 1930ರಲ್ಲೇ ಮೈಸೂರು ಸಂಸ್ಥಾನವು ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಆದೇಶ ನೀಡಿತ್ತು. ವೈದ್ಯಕೀಯ ಗರ್ಭಪಾತ ಕಾಯ್ದೆ 1971ರಲ್ಲಿ ಬಂತು. 2021ರ ತಿದ್ದುಪಡಿಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಸ್ತ್ರೀಯರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರಗಳವರೆಗೆ ಅವಕಾಶವಿದೆ. ಇದರಲ್ಲಿ ಅವಿವಾಹಿತೆಯರಿಗೂ ಭೇದವಿರಕೂಡದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಜೀವಕ್ಕೆ ತಕ್ಷಣದ ಅಪಾಯವಿದ್ದರೆ ವಾರಗಳ ಮಿತಿಯೇ ಇಲ್ಲ.

ಆದರೆ ಹಕ್ಕು ತಿಳಿಯದಿದ್ದರೆ ಇದ್ದೂ ಇಲ್ಲದಂತೆ. ಪಟ್ಟಂದೂರು ಅಗ್ರಹಾರದಂಥ ಕಡೆ, ತವರಿನಿಂದ ದೂರ ಬಂದು, ಬಾಡಿಗೆ ಕೋಣೆಯಲ್ಲಿದ್ದು ದುಡಿಯುವ ಹೆಣ್ಣುಮಕ್ಕಳು ಒಂದು ಮಾತು ನೆನಪಿಡಬೇಕು: ಹದಿನೆಂಟು ತುಂಬಿದ ಹೆಣ್ಣಿಗೆ ಗಂಡನ ಸಹಿ ಕಾನೂನಿನಂತೆ ಬೇಕಿಲ್ಲ, ಆಕೆಯ ಒಪ್ಪಿಗೆಯೇ ಸಾಕು. ನಾಚಿ ಔಷಧದ ಅಂಗಡಿಯ ಮಾತ್ರೆ ನುಂಗಿ ಕೂರದೆ, ಬೇಗ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯರನ್ನು ಕಾಣಿ.

ತಾಯಿ ಉಳಿದರೆ ಮನೆ ಉಳಿದೀತು.