ಫೀಸು ಕಟ್ಟುವ ಮೊದಲು: ಈ ಕ್ರೆಡಿಟ್ ಎಲ್ಲಿ ಚಲಾವಣೆ ಆಗ್ತದೆ?

(ಜುಬೈಲ್ ಘಟಕದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)





ಊಟಕ್ಕೆ ಮೊದಲು ಲೆಕ್ಕದವರಿಗೆ ಮೈಕ್ ಕೊಟ್ಟಿದ್ದಾರೆ. ಹಸಿವಿನ ಹೊತ್ತಿಗೆ ಲೆಕ್ಕ ಯಾರಿಗೂ ರುಚಿಸುವುದಿಲ್ಲ ಅಂತ ಗೊತ್ತುಂಟು. ಆದರೆ ಈ ಲೆಕ್ಕ ನಮ್ಮ ಮಕ್ಕಳದ್ದು, ತಮ್ಮಂದಿರದ್ದು, ಊರಲ್ಲಿರುವ ನಮ್ಮ ಹೆಂಗಸರದ್ದು. ಅದಕ್ಕೆ ಸ್ವಲ್ಪ ತಾಳ್ಮೆ ಬೇಕು.

ನಮ್ಮಲ್ಲಿ ಎಷ್ಟೋ ಮಂದಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಅರ್ಧಕ್ಕೆ ಬಿಟ್ಟು, ವೀಸಾ ಬಂತು ಅಂತ ವಿಮಾನ ಹತ್ತಿದವರು. ಹತ್ತು ವರ್ಷದ ಕೆಲಸ ಗೊತ್ತುಂಟು, ಕೈಯಲ್ಲಿ ಕಾಗದ ಇಲ್ಲ. ಇಕಾಮಾದಲ್ಲಿ ಹುದ್ದೆ ಬದಲಿಸಲು ಹೋದರೆ ಕಾಗದ ಕೇಳ್ತಾರೆ. ಆಗ ಫೋನಿಗೆ ಒಂದು ಮೆಸೇಜ್ ಬರ್ತದೆ: "ಒಂದೇ ವರ್ಷದಲ್ಲಿ ಡಿಗ್ರಿ, ಪರೀಕ್ಷೆಗೆ ಬರುವುದು ಬೇಡ, ಕಂತಿನಲ್ಲಿ ಕಟ್ಟಬಹುದು." ನಾವು ಕಟ್ಟಿಬಿಡ್ತೇವೆ. ಬಿಸಿಲಲ್ಲಿ ಬೆವರು ಸುರಿಸಿದ ದುಡ್ಡು ಅದು, ಮನೆಯವರ ಅಮಾನತ್. ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಅಂತ ಮೊದಲೇ ತಿಳಿದಿರಬೇಕು.

ಈಗ ಕಡಿಮೆ ಖರ್ಚಿನಲ್ಲಿ ಆನ್‌ಲೈನ್ ಮೂಲಕ ಪದವಿಯ ಕ್ರೆಡಿಟ್ ಗಳಿಸುವ ದಾರಿಗಳು ಬೇಕಾದಷ್ಟಿವೆ. ಅವನ್ನು ಒಂದೊಂದಾಗಿ ತಾಳೆ ನೋಡೋಣ.

ಮೊದಲು, ಕ್ರೆಡಿಟ್ ಅಂದರೆ ಎಂತ? ಓದಿಗೆ ಹಾಕಿದ ಗಂಟೆಗಳ ಲೆಕ್ಕ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ, ಅಂದರೆ ಇಗ್ನೋ, ಒಂದು ಕ್ರೆಡಿಟ್‌ಗೆ 30 ಗಂಟೆ ಓದು ಅಂತ ಲೆಕ್ಕ ಹಾಕ್ತದೆ. ಯುಜಿಸಿಯ 2022ರ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ 120 ಕ್ರೆಡಿಟ್. ಗುಣಿಸಿ ನೋಡಿ: 3,600 ಗಂಟೆ. ಮೂರು ವರ್ಷಕ್ಕೆ ಹಂಚಿದರೆ ವಾರಕ್ಕೆ 23 ಗಂಟೆ. ಹನ್ನೆರಡು ಗಂಟೆ ಡ್ಯೂಟಿ ಮಾಡುವವರಿಗೆ ಇದು ಆಗುವ ಮಾತಲ್ಲ. ಆದರೆ ಇಗ್ನೋದಲ್ಲಿ ಮೂರು ವರ್ಷದ ಪದವಿಯನ್ನು ಆರು ವರ್ಷದ ತನಕ ಎಳೆಯಬಹುದು. ಆಗ ವಾರಕ್ಕೆ ಹನ್ನೊಂದೂವರೆ ಗಂಟೆ. ದಿನಕ್ಕೆ ಒಂದು ಗಂಟೆ, ಶುಕ್ರವಾರ ಐದೂವರೆ ಗಂಟೆ ಕೂತರೆ ಆಯ್ತು. ಕಷ್ಟ ಉಂಟು, ಅಸಾಧ್ಯ ಅಲ್ಲ. ಒಂದೇ ವರ್ಷದಲ್ಲಿ ಪದವಿ ಅನ್ನುವವನ ಮಾತು ಸುಳ್ಳು ಅಂತ ಗೊತ್ತಾಗಲು ಈ ಗುಣಾಕಾರವೇ ಸಾಕು.

ಇನ್ನು ದಾರಿಗಳಿಗೆ ಬರೋಣ.

ಪಿಯುಸಿ ಆಗದವರಿಗೆ ಪದವಿಯ ಬಾಗಿಲು ನೇರ ತೆರೆಯುವುದಿಲ್ಲ. ಅವರು ಮೊದಲು ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಹನ್ನೆರಡನೇ ತರಗತಿ ಮುಗಿಸಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ. ಎಲ್ಲ ವಿಷಯವನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ, ಒಂದೊಂದಾಗಿ ಮುಗಿಸಬಹುದು. ಮೂವತ್ತೈದು ವರ್ಷ ಆಯ್ತು, ಇನ್ನು ಎಂತ ಹನ್ನೆರಡನೇ ಕ್ಲಾಸು ಅಂತ ನಾಚಿಕೆ ಪಡುವುದು ಬೇಡ. ಮೇಲಿನ ಮೆಟ್ಟಿಲಿಗೆ ಕಾಲಿಡಬೇಕಾದರೆ ಕೆಳಗಿನ ಮೆಟ್ಟಿಲು ಇರಬೇಕಲ್ವಾ?

ಪಿಯುಸಿ ಆದವರಿಗೆ ಇಗ್ನೋ ಉಂಟು, ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಉಂಟು. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ವಿದೇಶದ ವಿಳಾಸದಲ್ಲಿ ಸೇರಿದರೆ ಶುಲ್ಕ ಡಾಲರ್ ಲೆಕ್ಕದಲ್ಲಿ, ಊರಿನ ಶುಲ್ಕಕ್ಕಿಂತ ಬಹಳ ಹೆಚ್ಚು. ಕನ್ನಡದಲ್ಲೇ ಓದುವ ಆಸೆ ಇರುವವರಿಗೆ, ಮುಖ್ಯವಾಗಿ ಊರಲ್ಲಿರುವ ನಮ್ಮ ಸಹೋದರಿಯರಿಗೆ, ಮೈಸೂರಿನ ವಿಶ್ವವಿದ್ಯಾನಿಲಯ ಒಳ್ಳೆಯದು. ಮಾನ್ಯತೆ ಇರುವ ವಿಶ್ವವಿದ್ಯಾನಿಲಯದ ದೂರಶಿಕ್ಷಣ ಅಥವಾ ಆನ್‌ಲೈನ್ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಅಂತ ಯುಜಿಸಿಯ 2020ರ ನಿಯಮ ಹೇಳ್ತದೆ.

ಮೂರನೆಯದು ಸ್ವಯಂ. ಕೇಂದ್ರ ಸರಕಾರದ ಈ ತಾಣ 2017ರಲ್ಲಿ ಶುರುವಾಯಿತು. ಪಾಠ ಪೂರ್ತಿ ಉಚಿತ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆ. ಅದರೊಳಗೆ ಐಐಟಿಗಳು ನಡೆಸುವ ಎನ್‌ಪಿಟೆಲ್ ಕೋರ್ಸುಗಳಿಗೆ ಪರೀಕ್ಷಾ ಶುಲ್ಕ 1,000 ರೂಪಾಯಿ. ಹನ್ನೆರಡು ವಾರದ ಕೋರ್ಸಿಗೆ 3 ಕ್ರೆಡಿಟ್. ಒಂದು ಪದವಿಯಲ್ಲಿ ಒಂದು ಸೆಮಿಸ್ಟರ್‌ನ ಶೇಕಡಾ 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು 2021ರ ನಿಯಮ ಅವಕಾಶ ಕೊಡ್ತದೆ. ಆದರೆ ಯಾವ ಕೋರ್ಸನ್ನು ಒಪ್ಪಬೇಕು ಅಂತ ತೀರ್ಮಾನಿಸುವುದು ನೀವು ಓದುವ ವಿಶ್ವವಿದ್ಯಾನಿಲಯ. ಸ್ವಯಂ ಕೋರ್ಸುಗಳನ್ನೇ ರಾಶಿ ಹಾಕಿದರೆ ಪದವಿ ಆಗುವುದಿಲ್ಲ. ಮೊದಲು ಎಲ್ಲಾದರೂ ಹೆಸರು ದಾಖಲಾಗಿರಬೇಕು.

ನಾಲ್ಕನೆಯದು ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಬಿ.ಎಸ್. ಪದವಿ. ಜೆಇಇ ಬೇಡ. ಹನ್ನೆರಡನೇ ತರಗತಿ ಪಾಸಾಗಿರಬೇಕು, ಹತ್ತರಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿರಬೇಕು. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಬರೆಯಬೇಕು. ಪೂರ್ತಿ ಪದವಿಗೆ ಮೂರು ಲಕ್ಷ ರೂಪಾಯಿ ದಾಟ್ತದೆ, ಕೆಲವು ವರ್ಗದವರಿಗೆ ಆದಾಯ ನೋಡಿ ರಿಯಾಯಿತಿ ಉಂಟು. ನಡುವೆ ನಿಲ್ಲಿಸಿದರೂ ಆ ಹಂತದ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಸಿಗ್ತದೆ. ಗಣಿತದಲ್ಲಿ ಚುರುಕಿರುವ ಮಕ್ಕಳಿಗೆ ಇದನ್ನು ತೋರಿಸಿ.

ಐದನೆಯದು ಅಮೆರಿಕದ ದಾರಿ. ಇಲ್ಲಿನ ಇಂಡಿಯನ್ ಸ್ಕೂಲಿನ ಮಕ್ಕಳು ಈಗ ಇದರ ಬಗ್ಗೆ ಕೇಳ್ತಾ ಇದ್ದಾರೆ. ಸೋಫಿಯಾ ಅನ್ನುವ ತಾಣದಲ್ಲಿ ತಿಂಗಳಿಗೆ 99 ಡಾಲರ್, ಅಂದರೆ 371 ರಿಯಾಲ್. ಸೇಲರ್ ಅಕಾಡೆಮಿಯಲ್ಲಿ ಪಾಠ ಉಚಿತ. ಕ್ಲೆಪ್ ಅನ್ನುವುದು ಕಾಲೇಜ್ ಬೋರ್ಡಿನ ಪರೀಕ್ಷೆ, ನೂರು ಡಾಲರ್ ಆಸುಪಾಸು, ಕೇಂದ್ರದ ಶುಲ್ಕ ಬೇರೆ. ಇವುಗಳಿಗೆ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಅನ್ನುವ ಸಂಸ್ಥೆಯ ಶಿಫಾರಸು ಇರ್ತದೆ. ಶಿಫಾರಸು ಮಾತ್ರ. ಒಪ್ಪುವುದು, ಬಿಡುವುದು ಆಯಾ ಕಾಲೇಜಿಗೆ ಸೇರಿದ್ದು. ಅಲ್ಲಿನ ಪದವಿಗೂ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಎಷ್ಟೇ ಕ್ರೆಡಿಟ್ ಹೊರಗಿನಿಂದ ತಂದರೂ ಒಂದು ಭಾಗವನ್ನು ತನ್ನಲ್ಲೇ ಓದಬೇಕು ಅಂತ ಕಾಲೇಜು ಹೇಳ್ತದೆ. ಅಮೆರಿಕದಲ್ಲಿ ಕಾಲೇಜು ಗೊತ್ತಾಗಿರುವ ಮಗುವಿಗೆ ಇದರಿಂದ ಸಾವಿರಾರು ಡಾಲರ್ ಉಳಿಯಬಹುದು. ಊರಿಗೆ ಮರಳಿ ಎಂ.ಕಾಂ. ಮಾಡುವ ಆಲೋಚನೆ ಇರುವವರಿಗೆ ಇದು ಉಪಯೋಗಕ್ಕೆ ಬರುವುದು ಕಷ್ಟ, ಯಾಕೆಂದರೆ ಅಲ್ಲಿ ವಿದೇಶಿ ಪದವಿಗೆ ಸಮಾನತೆಯ ಪತ್ರ ಕೇಳ್ತಾರೆ. ಆನ್‌ಲೈನ್ ಪದವಿಗೆ ಅದು ಸುಲಭದಲ್ಲಿ ಸಿಗುವುದಿಲ್ಲ.

ಈಗ ನಮ್ಮ ಕಸುಬಿನ ಭಾಷೆಯಲ್ಲಿ ಲೆಕ್ಕ ಹಾಕೋಣ. ಎನ್‌ಪಿಟೆಲ್ ಕೋರ್ಸಿಗೆ 1,000 ರೂಪಾಯಿ, ಅಂದರೆ ಸುಮಾರು 45 ರಿಯಾಲ್. ಒಂದು ಕ್ರೆಡಿಟ್‌ಗೆ 15 ರಿಯಾಲ್ ಬಿತ್ತು. ಸೋಫಿಯಾದಲ್ಲಿ ತಿಂಗಳಿಗೆ ಮೂರು ಕ್ರೆಡಿಟ್‌ನ ಎರಡು ಕೋರ್ಸ್ ಮುಗಿಸಿದರೆ ಒಂದು ಕ್ರೆಡಿಟ್‌ಗೆ 62 ರಿಯಾಲ್. ಎನ್‌ಪಿಟೆಲ್ ಅಗ್ಗ ಅಂತ ಕಾಣ್ತದೆ. ಆದರೆ ಅದರ ಪರೀಕ್ಷೆ ಬರೆಯಲು ಊರಿಗೇ ಹೋಗಬೇಕು. ಹೋಗಿ ಬರುವ ಟಿಕೆಟಿಗೆ 1,200 ರಿಯಾಲ್ ಇಟ್ಟುಕೊಳ್ಳಿ. ಒಂದು ಕೋರ್ಸಿಗೆ 1,245 ರಿಯಾಲ್, ಒಂದು ಕ್ರೆಡಿಟ್‌ಗೆ 415 ರಿಯಾಲ್ ಆಯ್ತು! ರಜೆಯ ಸಂಬಳ ಕಡಿತ ಬೇರೆ. ಅದೇ ಕೋರ್ಸನ್ನು ಕಂಪೆನಿ ಟಿಕೆಟ್ ಕೊಡುವ ವಾರ್ಷಿಕ ರಜೆಗೆ ಹೊಂದಿಸಿದರೆ ಪುನಃ 15 ರಿಯಾಲ್‌ಗೆ ಇಳಿಯಿತು. ಎನ್‌ಪಿಟೆಲ್ ಪರೀಕ್ಷೆಗಳು ಏಪ್ರಿಲ್ ಹೊತ್ತಿಗೆ ಮತ್ತು ಅಕ್ಟೋಬರ್ ಹೊತ್ತಿಗೆ ಬರ್ತವೆ. ರಜೆಯ ಅರ್ಜಿ ಕೊಡುವ ಮೊದಲು ಪರೀಕ್ಷೆಯ ದಿನಾಂಕ ನೋಡಿ. ಊರಲ್ಲಿರುವ ಹೆಂಡತಿ ಅಥವಾ ತಂಗಿಗೆ ಈ ತೊಂದರೆಯೇ ಇಲ್ಲ. ಉಳ್ಳಾಲದಿಂದಲೋ ಬಿ.ಸಿ. ರೋಡಿನಿಂದಲೋ ಬಸ್ ಹತ್ತಿ ಮಂಗಳೂರಿಗೆ ಹೋಗಿ ಬರೆದರೆ ಮುಗಿಯಿತು. ನಮ್ಮ ಸಂಬಳದ ಒಂದು ಸಣ್ಣ ಪಾಲಿನಿಂದ ಅವಳ ಪದವಿ ಆಗ್ತದೆ. ಮದುವೆಯಾದ ಮೇಲೆ ಓದು ಯಾಕೆ ಅನ್ನುವ ಮಾತನ್ನು ಇನ್ನಾದರೂ ಬಿಡೋಣ.

ಈ ಎಲ್ಲ ಲೆಕ್ಕಕ್ಕೂ ಮೇಲೆ ಒಂದು ಲೆಕ್ಕ ಉಂಟು. ಒಪ್ಪುವವರಿಲ್ಲದ ಕ್ರೆಡಿಟ್ ಎಷ್ಟು ಅಗ್ಗವಾದರೂ ನಷ್ಟವೇ. ಚಲಾವಣೆ ಇಲ್ಲದ ನೋಟಿನ ಹಾಗೆ.

ಇದು ಹೆದರಿಸಲು ಹೇಳುವ ಮಾತಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಬಹಿರಂಗವಾಗಿ ಹೇಳಿತು. 2018ರಲ್ಲಿ ಮಾನ್ಯತೆ ಮರಳಿತು. ನಡುವಿನ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ಸಣ್ಣದಲ್ಲ. ಅದು ಸರಕಾರದ್ದೇ ವಿಶ್ವವಿದ್ಯಾನಿಲಯ, ನೆನಪಿರಲಿ. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಅನುಮತಿ ಇಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ದೂರಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿರುದ್ಧ ತೀರ್ಪು ಕೊಟ್ಟಿತು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಇವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡಲು ಯುಜಿಸಿ ನಿಯಮದಲ್ಲಿ ಅವಕಾಶ ಇಲ್ಲ. ಸೈಟಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಯಾರಾದರೂ "ಮನೆಯಲ್ಲೇ ಕೂತು ಬಿ.ಇ." ಅಂದರೆ, ಸಲಾಂ ಹೇಳಿ ಫೋನ್ ಇಡಿ.

ಇಲ್ಲಿನ ಕಡೆಯನ್ನೂ ನೋಡಬೇಕು. ಸೌದಿಯಲ್ಲಿ ಲೆಕ್ಕಿಗನ ಹುದ್ದೆಯಲ್ಲಿರುವ ವಿದೇಶಿಯರು ಸೊಕ್ಪಾ ಸಂಸ್ಥೆಯಲ್ಲಿ ನೋಂದಣಿ ಮಾಡಿಸಬೇಕು, ಅದಕ್ಕೆ ಪದವಿಯ ಕಾಗದ ಬೇಕು. ಎಂಜಿನಿಯರುಗಳಿಗೆ ಅವರದೇ ಕೌನ್ಸಿಲ್. 2022ರ ಡಿಸೆಂಬರ್‌ನಿಂದ ಸೌದಿ ಅಪೋಸ್ಟಿಲ್ ಒಪ್ಪಂದದಲ್ಲಿದೆ. ಆದರೂ ಅಪೋಸ್ಟಿಲ್ ಮುದ್ರೆ ಹೇಳುವುದು ಕಾಗದದ ಸಹಿ, ಮೊಹರು ನಿಜ ಅಂತ ಮಾತ್ರ. ಆ ಪದವಿಯನ್ನು ಹುದ್ದೆಗೆ ಒಪ್ಪುತ್ತಾರೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ದೂರಶಿಕ್ಷಣದ ಪದವಿ ನಡೆಯುತ್ತದಾ ಅಂತ ಸೇರುವ ಮೊದಲೇ ಆ ಸಂಸ್ಥೆಗೆ ಬರೆದು ಕೇಳಿ, ಉತ್ತರವನ್ನು ಜೋಪಾನ ಮಾಡಿ.

ಅರ್ಧಕ್ಕೆ ಬಿಟ್ಟವರಿಗೆ ಕೊನೆಗೊಂದು ಮಾತು. 2021ರಿಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂತ ಉಂಟು. ಡಿಜಿಲಾಕರ್ ಮೂಲಕ ಖಾತೆ ತೆರೆಯಬಹುದು, ದುಡ್ಡಿಲ್ಲ. ನಿಮ್ಮ ವಿಶ್ವವಿದ್ಯಾನಿಲಯ ಅದರಲ್ಲಿ ಸೇರಿದ್ದರೆ, ಗಳಿಸಿದ ಕ್ರೆಡಿಟ್ ಅಲ್ಲಿ ಗರಿಷ್ಠ ಏಳು ವರ್ಷ ಜಮೆ ಇರ್ತದೆ. ಡಿಗ್ರಿ ನಡುವೆ ವೀಸಾ ಬಂದ ತಮ್ಮನಿಗೆ ಇಷ್ಟು ಹೇಳಿ: ಹೊರಡುವ ಮೊದಲು ಖಾತೆಯಲ್ಲಿ ಕ್ರೆಡಿಟ್ ಬಂದಿದೆಯಾ ನೋಡಿಕೊಂಡು ವಿಮಾನ ಹತ್ತು. ಏಳು ವರ್ಷದೊಳಗೆ ಮುಂದುವರಿಸಬಹುದು.

ಹಾಗಾಗಿ ಫೀಸು ಕಟ್ಟುವ ಮೊದಲು ಮೂರೇ ಪ್ರಶ್ನೆ. ಈ ಕಾಗದವನ್ನು ನಾವು ಯಾರಿಗೆ ತೋರಿಸಬೇಕು, ಅವರು ಒಪ್ಪುತ್ತಾರಾ? ಈ ವರ್ಷ, ಈ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಹೆಸರು ಉಂಟಾ? ಪರೀಕ್ಷೆ ಎಲ್ಲಿ, ಯಾವಾಗ? ಮೂರಕ್ಕೂ ಬರಹದಲ್ಲಿ ಉತ್ತರ ಸಿಕ್ಕ ಮೇಲೆ ವಿಶ್ವವಿದ್ಯಾನಿಲಯದ ಖಾತೆಗೇ ದುಡ್ಡು ಕಟ್ಟಿ, ಮಧ್ಯದವನ ಕೈಗೆ ಬೇಡ. ಒಬ್ಬರಿಗೇ ಇದನ್ನೆಲ್ಲ ನೋಡಲು ಆಗುವುದಿಲ್ಲ ಅಂತಾದರೆ ಕಾಗದ ಹಿಡಿದುಕೊಂಡು ಬನ್ನಿ, ನಾವೆಲ್ಲ ಒಟ್ಟಿಗೆ ಕೂತು ನೋಡೋಣ. ಸಂಘ ಇರುವುದು ಅದಕ್ಕೇ.

ಓದಬೇಕೆಂಬ ಆಸೆ ಇರುವ ಎಲ್ಲರಿಗೂ ಅಲ್ಲಾಹನು ದಾರಿ ಸುಲಭ ಮಾಡಿಕೊಡಲಿ, ನಮ್ಮ ದುಡಿಮೆಯಲ್ಲಿ ಬರ್ಕತ್ ನೀಡಲಿ. ಆಮೀನ್. ವಸ್ಸಲಾಂ.